ಡ್ರಾಯರಿನೊಳಗಿನ ಕೊಕ್ಕರೆ

ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಕೋರ್ಟಿನ ಗೇಟು ದಾಟಿ, ರಸ್ತೆಯನ್ನೂ ದಾಟಿದರೆ ನೇರವಾಗಿ ಕಾಲಿಡುವುದೇ ಕನ್ನಡಕದ ಅಂಗಡಿಗೆ. ಅಂಗಡಿಗೊಂದು ಬೋರ್ಡಿದೆ, ಬೋರ್ಡಿನ ಮೇಲೆ ಒಂದು ಹೆಸರೂ ಇದೆ. ಆದರೆ ಅದನ್ನು ಓದಿದವರನ್ನು ನಾನಂತೂ ಕಂಡಿಲ್ಲ. ಕಣ್ಣು ಚೆನ್ನಾಗಿರುವವರಿಗೆ ಆ ಅಂಗಡಿಯಲ್ಲಿ ಕೆಲಸವಿಲ್ಲ, ಕೆಲಸ ಇರುವವರಿಗೆ ಆ ಬೋರ್ಡು ಕಾಣುವುದಿಲ್ಲ. ಬೀದಿಗೆಲ್ಲ ಅದು ಅಕ್ಕನ ಅಂಗಡಿ. ಗಾಜು ಉಜ್ಜುವ ಮೆಷಿನ್ನಿನ ಮುಂದೆ ಕೂತು, ಮೂಗಿನ ತುದಿಗೆ ತನ್ನದೇ ಕನ್ನಡಕ ಇಳಿಸಿಕೊಂಡು, ಊರಿನವರ ಮುಖಕ್ಕೆಲ್ಲ ಫ್ರೇಮು ಕೂರಿಸುವ ಅಕ್ಕ. ಅವಳಿಗಿಂತ ಹಿರಿಯರೂ ಅವಳನ್ನು ಅಕ್ಕ ಅಂತಲೇ ಕರೆಯುತ್ತಾರೆ, ಮೊದಮೊದಲು ಬೇಡ ಅಂದು ನೋಡಿ ಆಮೇಲೆ ಅವಳೇ ಸುಮ್ಮನಾದಳು.

ಸಂಜೆಯಾಯಿತೆಂದರೆ ಅಲ್ಲಿ ಮೂವರು ಬಂದು ಠಿಕಾಣಿ ಹೂಡುತ್ತಾರೆ. ಒಬ್ಬರು ಎದುರಿನ ಕಾಲೇಜಿನಲ್ಲೇ ಗಣಿತ ಹೇಳಿಕೊಟ್ಟು ರಿಟೈರಾದ ಮೇಷ್ಟ್ರು. ರಿಟೈರಾದದ್ದು ಕ್ಲಾಸಿನಿಂದ ಮಾತ್ರ, ಬೈಯುವುದರಿಂದ ಅಲ್ಲ. ಇನ್ನೊಬ್ಬ ಪಕ್ಕದ ಮಳಿಗೆಯ ಟೈಲರ್, ತಂಡದ ಹುಡುಗರ ಚಡ್ಡಿ ಬನಿಯನ್ನು ಹೊಲಿಯುವವನು. ಕೊರಳಲ್ಲಿ ಟೇಪು ಹಾಕಿಕೊಂಡೇ ಬಂದು ಹಾಕಿಕೊಂಡೇ ಹೋಗುತ್ತಾನೆ. ಮೂರನೆಯವನು ಬಸ್ ಡ್ರೈವರ್, ಡ್ಯೂಟಿ ಇಲ್ಲದ ದಿನ ತಪ್ಪದೆ ಹಾಜರು. ಮೂವರಿಗೂ ಕಣ್ಣಿನ ತೊಂದರೆ ಇದೆ, ಆದರೆ ಬರುವುದು ಅದಕ್ಕಲ್ಲ. ಬರುವುದು ಜಗಳಕ್ಕೆ. ಹಳೇ ತಂಡ ದೊಡ್ಡದೋ, ಈಗಿನ ತಂಡ ದೊಡ್ಡದೋ ಅನ್ನುವ ಒಂದೇ ಜಗಳವನ್ನು ಎಷ್ಟೋ ವರ್ಷಗಳಿಂದ ಹಳಸದ ಹಾಗೆ ನೋಡಿಕೊಂಡು ಬಂದಿದ್ದಾರೆ.

ಜಗಳಕ್ಕೆ ಒಂದು ಕ್ರಮವಿದೆ, ಅದನ್ನು ಹುಟ್ಟುಹಾಕಿದವರು ಮೇಷ್ಟ್ರು. ಬರೀ ಬಾಯಿಮಾತಿನಲ್ಲಿ ಹೇಳಿದರೆ ಒಬ್ಬರು ಹೇಳಿದ್ದು ಇನ್ನೊಬ್ಬರ ತಲೆಗೆ ಹತ್ತುವುದಿಲ್ಲ ಅಂತ ಅವರೊಂದು ಉಪಾಯ ಮಾಡಿದರು. ಗಾಜಿನ ಕೌಂಟರಿನ ಮೇಲೆ ಫ್ರೇಮುಗಳನ್ನು ಎರಡು ಸಾಲಾಗಿ, ಎದುರುಬದುರಾಗಿ ಇಡುವುದು. ಈ ಕಡೆಯ ಐದು ಹಳೇ ತಂಡ, ಅಂದರೆ ಹನ್ನೆರಡು ವರ್ಷದ ಹಿಂದೆ ಫೈನಲ್ ತನಕ ಹೋಗಿದ್ದ ತಂಡ. ಇವು ದಪ್ಪ ಪ್ಲಾಸ್ಟಿಕ್ಕಿನ, ಈಗ ಯಾರೂ ಮೂಸಿಯೂ ನೋಡದ ಫ್ರೇಮುಗಳು. ಆ ಕಡೆಯ ಐದು ಈಗಿನ ತಂಡ, ತಂತಿಯಂಥ ಹೊಸ ಮಾದರಿಯವು. ಒಂದೊಂದು ಫ್ರೇಮಿಗೆ ಒಬ್ಬೊಬ್ಬ ಆಟಗಾರ. ಒಂದೇ ಜಾಗದಲ್ಲಿ ಆಡಿದ ಹಳಬನನ್ನೂ ಹೊಸಬನನ್ನೂ ಎದುರಿಗೆ ನಿಲ್ಲಿಸಿ, ಇವನ ಪಾಸು ಅವನ ಪಾಸು, ಇವನ ಓಟ ಅವನ ಓಟ ಅಂತ ಹರಿದು ಹಂಚಿ ಹಾಕುವುದು. ಇದಕ್ಕೆ ಜೋಡಿ ಕಟ್ಟುವುದು ಅಂತ ಹೆಸರು. ವಾದದಲ್ಲಿ ಸೋತವರು ಟೀ ಲೋಟ ತೊಳೆಯಬೇಕು. ಮೇಷ್ಟ್ರು ಹಳೇ ತಂಡದ ಕಡೆ, ಟೈಲರ್ ಈಗಿನ ತಂಡದ ಕಡೆ. ಡ್ರೈವರ್ ಮಾತ್ರ ಒಂದು ದಿನವೂ ಒಬ್ಬರ ಕಡೆ ನಿಂತವನಲ್ಲ. ಯಾರು ಕೇಳಿದರೂ ಇಬ್ಬರೂ ಇರಲಿ ಬಿಡಿ ಅನ್ನುತ್ತಿದ್ದ. ಬಸ್ಸಿನಲ್ಲಿ ಎಲ್ಲರಿಗೂ ಜಾಗ ಮಾಡಿಕೊಟ್ಟು ಮಾಡಿಕೊಟ್ಟು ಅವನಿಗೆ ಅದೇ ಅಭ್ಯಾಸವಾಗಿಬಿಟ್ಟಿತ್ತು ಅಂತ ಟೈಲರ್ ರೇಗಿಸುತ್ತಿದ್ದ.

ಈ ಹಳೇ ಐದು ಫ್ರೇಮುಗಳಲ್ಲಿ ಒಂದು, ಎಲ್ಲಕ್ಕಿಂತ ಉದ್ದ ಕಡ್ಡಿಗಳಿದ್ದ ಕಂದು ಬಣ್ಣದ್ದು, ಅಕ್ಕನ ತಮ್ಮ. ಅವನನ್ನು ಕಾಲೇಜಿನಲ್ಲಿ ಕೊಕ್ಕರೆ ಅನ್ನುತ್ತಿದ್ದರು. ಕಾಲು ಅಷ್ಟುದ್ದ, ಕುತ್ತಿಗೆ ಇಷ್ಟುದ್ದ, ನಿಂತರೆ ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಲ್ಲುತ್ತಿದ್ದ. ಕೊಕ್ಕರೆ ಅನ್ನದೆ ಇನ್ನೇನು ಅನ್ನುತ್ತಾರೆ ಹೇಳಿ. ಅವನ ಫ್ರೇಮಿನ ಎಡಗಡೆಯ ಕಡ್ಡಿಯ ಸ್ಕ್ರೂ ಸಡಿಲವಾಗಿತ್ತು. ಕೌಂಟರಿನ ಮೇಲೆ ಇಟ್ಟರೆ ಎಡಕ್ಕೆ ವಾಲಿಕೊಂಡು ಕೂರುತ್ತಿತ್ತು. ಅಕ್ಕನಿಗೆ ಅದನ್ನು ಬಿಗಿಮಾಡಲು ಎರಡು ನಿಮಿಷ ಸಾಕಾಗಿತ್ತು, ಆದರೆ ಮೇಷ್ಟ್ರು ಬಿಡಲಿಲ್ಲ. ಅವನಿಗೆ ಎಡಗೈ ಆಟ ಇಲ್ಲವೇ ಇಲ್ಲ, ಫ್ರೇಮಿಗೆ ಮಾತ್ರ ಯಾಕೆ ಇರಬೇಕು ಅಂತ ಅವರ ವಾದ. ತಮ್ಮನೇ ನಕ್ಕು, ಇರಲಿ ಬಿಡು ಅಕ್ಕ, ಮೇಷ್ಟ್ರು ನನ್ನನ್ನ ಗುರುತು ಹಿಡಿಯೋದೇ ಅದರಿಂದ ಅಂದಿದ್ದ.

ಹೌದು, ಆ ಜಗಳದಲ್ಲಿ ಅವನೂ ಕೂರುತ್ತಿದ್ದ. ಕಾಲೇಜು ಮುಗಿಸಿ ಲಿಫ್ಟ್ ರಿಪೇರಿಯ ಕೆಲಸಕ್ಕೆ ಸೇರಿದವನು, ಸಂಜೆ ಕೈಯೆಲ್ಲ ಗ್ರೀಸು ಮಾಡಿಕೊಂಡು ನೆಟ್ಟಗೆ ಅಕ್ಕನ ಅಂಗಡಿಗೆ ಬರುತ್ತಿದ್ದ. ಗಾಜು ಮುಟ್ಟಿದರೆ ಕೈ ಮುರೀತೀನಿ ಅಂತ ಅಕ್ಕ ಬಾಗಿಲಲ್ಲೇ ಹೇಳುತ್ತಿದ್ದಳು. ಕಣ್ಣು ಪರೀಕ್ಷೆಗೆ ಜನರನ್ನು ಕೂರಿಸುವ ತಿರುಗುವ ಸ್ಟೂಲನ್ನು ಎಷ್ಟು ಕೆಳಗಿಳಿಯುತ್ತದೋ ಅಷ್ಟೂ ಇಳಿಸಿ, ಮಂಡಿ ಎದೆಗೆ ತಾಗುವ ಹಾಗೆ ಕೂತು, ಮೇಷ್ಟ್ರ ಕೈಲಿ ಬೈಸಿಕೊಳ್ಳುತ್ತಿದ್ದ. ಹಳೇ ತಂಡವೇ ದೊಡ್ಡದು ಅಂತ ಪ್ರಾಣ ಬಿಡುವ ಮೇಷ್ಟ್ರು, ಹಳೇ ತಂಡದವರಲ್ಲೇ ಒಬ್ಬನಾದ ಇವನನ್ನು ಕಂಡರೆ ಮಾತ್ರ ಉರಿದು ಬೀಳುತ್ತಿದ್ದರು. ಅದಕ್ಕೆ ಕಾರಣ ಆ ಫೈನಲ್ಲು.

ಫೈನಲ್ಲಿನಲ್ಲಿ ಒಂದೇ ಒಂದು ಪಾಯಿಂಟು ಹಿಂದಿದ್ದರು. ಆಟ ಮುಗಿಯುತ್ತಾ ಬಂದಿತ್ತು. ಎದುರಿನವನೊಬ್ಬ ಕೊಕ್ಕರೆಯನ್ನು ತಳ್ಳಿದ, ರೆಫರಿ ಸೀಟಿ ಊದಿದ, ಎರಡು ಫ್ರೀ ಥ್ರೋ ಸಿಕ್ಕವು. ಫ್ರೀ ಥ್ರೋ ಅಂದರೆ ಅಡ್ಡ ಬರುವವರು ಯಾರೂ ಇಲ್ಲ, ಎಲ್ಲರೂ ಪಕ್ಕಕ್ಕೆ ನಿಂತು ನೋಡುತ್ತಿರುತ್ತಾರೆ, ಗೆರೆಯ ಹಿಂದೆ ಒಬ್ಬನೇ ನಿಂತು ಚೆಂಡು ಹಾಕಬೇಕು. ಒಂದು ಹಾಕಿದ್ದರೆ ಸಮ, ಎರಡು ಹಾಕಿದ್ದರೆ ಗೆಲುವು. ಕೊಕ್ಕರೆ ಎರಡನ್ನೂ ಬಿಟ್ಟ.

ಅದಾದ ಮೇಲೆ ಮೇಷ್ಟ್ರು ಆ ಎರಡು ಚೆಂಡುಗಳಿಗಾಗಿ ಅವನನ್ನು ಬೈಯದ ಸಂಜೆಯಿಲ್ಲ. ಕತ್ತೆ, ಕೋಣ, ದಂಡಪಿಂಡ, ಬಾಯಿಗೆ ಬಂದದ್ದೆಲ್ಲ. ಅವನು ಪೂರ್ತಿ ಕೇಳಿಸಿಕೊಂಡು, ಟೀ ಕುಡಿದು ಮುಗಿಸಿ, ಕೊನೆಗೆ ಪ್ರತಿದಿನವೂ ಅದೇ ಉತ್ತರ ಕೊಡುತ್ತಿದ್ದ.

"ಎರಡೂ ಬಿಟ್ಟಿದ್ದಕ್ಕೇ ಮೇಷ್ಟ್ರೇ ನಿಮಗೆ ನನ್ನ ನೆನಪಿರೋದು. ಹಾಕಿದ್ರೆ ಎಂದೋ ಮರೆತುಬಿಡ್ತಿದ್ರಿ."

ಅಲ್ಲಿಗೆ ಮೇಷ್ಟ್ರ ಬಾಯಿ ಬಂದ್. ಲೋಟ ತೊಳೆಯುವುದು ಅವರ ಪಾಲಿಗೆ. ಗಣಿತದ ಮೇಷ್ಟ್ರು ಗೊಣಗಿಕೊಂಡು ನಲ್ಲಿಯ ಹತ್ತಿರ ಹೋಗುವುದನ್ನು ನೋಡುವುದೇ ಒಂದು ಮಜಾ.

ಅಂಥವನು ಸತ್ತುಹೋದ. ಕಾಯಿಲೆ ಇಲ್ಲ, ಕಸಾಲೆ ಇಲ್ಲ. ಒಂದು ಬೆಳಿಗ್ಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಾ ನಿಂತಿದ್ದವನು ಬಿದ್ದ. ತಲೆಯೊಳಗೆ ರಕ್ತನಾಳ ಒಡೆದಿತ್ತು ಅಂದರು ಡಾಕ್ಟರು. ತಾಯಿ ಎದೆ ಬಡಿದುಕೊಂಡು ಅತ್ತಳು, ಬಂದವರೆಲ್ಲ ಅತ್ತರು, ಟೈಲರ್ ಗೋಡೆಗೆ ಮುಖ ಮಾಡಿ ಅತ್ತ. ಅಕ್ಕನಿಗೆ ಅಳು ಬರಲಿಲ್ಲ. ಸೋದರಮಾವ ಬಂದು ಅವಳನ್ನು ತಬ್ಬಿಕೊಂಡಾಗ ಅವಳ ಕಣ್ಣಿಗೆ ಬಿದ್ದದ್ದು ಅವರ ಕನ್ನಡಕ ಸೊಟ್ಟಗಿರುವುದು. ಅವರ ಮುಖದಿಂದ ಅದನ್ನು ತೆಗೆದು, ಕಡ್ಡಿಯನ್ನು ಬೆರಳಲ್ಲಿ ಒತ್ತಿ ಸರಿಮಾಡಿ, ಸೆರಗಿನಲ್ಲಿ ಗಾಜು ಒರೆಸಿ, ವಾಪಸು ಅವರ ಕಿವಿಗೆ ಸಿಕ್ಕಿಸಿದಳು. ಎಂಥ ಗಟ್ಟಿಗಿತ್ತಿ ಅಂದರು ಕೆಲವರು. ತಾಯಿ ಮಾತ್ರ ಆಮೇಲೊಂದು ದಿನ ನಿನ್ನ ಎದೆ ಕಲ್ಲೇನೇ ಅಂತ ಕೇಳಿದಳು. ಅಕ್ಕ ಅದನ್ನೂ ಯೋಚನೆ ಮಾಡಿದಳು. ಕಲ್ಲಾದರೂ ಇದ್ದಿದ್ದರೆ ಭಾರ ತಿಳಿಯುತ್ತಿತ್ತು, ಅವಳಿಗೆ ಅದೂ ತಿಳಿಯುತ್ತಿರಲಿಲ್ಲ.

ಅಂಗಡಿ ತೆಗೆದಳು. ಗಾಜು ಉಜ್ಜಿದಳು. ಊಟದ ಹೊತ್ತಿಗೆ ಉಂಡಳು, ಏನು ಉಂಡೆ ಅಂತ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಕಣ್ಣು ಪರೀಕ್ಷೆಗೆ ಬಂದವರಿಗೆ ಸ್ಟೂಲು ಮೇಲೆತ್ತಿ ಕೊಡುತ್ತಿದ್ದಳು. ಅವರು ಎದ್ದುಹೋದ ಮೇಲೆ ಅವಳ ಕೈ ತಾನಾಗಿ ಸ್ಟೂಲನ್ನು ತಿರುಗಿಸಿ ಮತ್ತೆ ತೀರಾ ಕೆಳಗಿಳಿಸಿ ಇಡುತ್ತಿತ್ತು. ಯಾಕೆ ಇಳಿಸುತ್ತಿದ್ದೇನೆ ಅಂತ ಅವಳು ಒಮ್ಮೆಯೂ ಕೇಳಿಕೊಳ್ಳಲಿಲ್ಲ.

ಕೆಲವು ವಾರ ಮೂವರೂ ಅಂಗಡಿಯ ಕಡೆ ಸುಳಿಯಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ, ಕಳ್ಳಬೆಕ್ಕಿನ ಹಾಗೆ ಹೆಜ್ಜೆ ಇಡುತ್ತಾ ಬಂದರು. ಮೊದಲ ಸಂಜೆ ಜೋಡಿ ಕಟ್ಟಲು ಫ್ರೇಮುಗಳನ್ನು ಹರಡಿದಾಗ ಮೇಷ್ಟ್ರ ಕೈಗೆ ಆ ಕಂದು ಫ್ರೇಮು ಬಂತು. ಅವರು ಕೌಂಟರಿನ ಕೆಳಗಿನ ಡ್ರಾಯರು ಎಳೆದು, ಒಂದು ಒರೆಸುವ ಬಟ್ಟೆ ಹಾಸಿ, ಅದರ ಮೇಲೆ ಮೆಲ್ಲಗೆ ಮಲಗಿಸಿ, ಡ್ರಾಯರು ಮುಚ್ಚಿದರು. ಟೈಲರೂ ಡ್ರೈವರೂ ತಲೆ ಬಗ್ಗಿಸಿದರು. ಅವರಿಗೆ ಅದು ಮರ್ಯಾದೆ ಅನ್ನಿಸಿತು. ಸತ್ತವನನ್ನು ಎತ್ತಿ ಕೌಂಟರಿನ ಮೇಲೆ ಕೂರಿಸಿ, ಅವನ ಅಕ್ಕನ ಎದುರಿಗೇ ಅವನ ಎಡಗೈಯನ್ನು ಆಡಿಕೊಳ್ಳುವುದು ಮನುಷ್ಯರು ಮಾಡುವ ಕೆಲಸವಲ್ಲ ಅಂತ ಮೂವರೂ ಬಾಯಿಬಿಟ್ಟು ಹೇಳದೆಯೇ ತೀರ್ಮಾನಿಸಿದ್ದರು.

ಅಂದಿನಿಂದ ಹಳೇ ತಂಡದಲ್ಲಿ ನಾಲ್ಕೇ ಜನ. ಈಗಿನ ತಂಡದಲ್ಲಿ ಆ ಜಾಗಕ್ಕೆ ಆಡುವ ಹುಡುಗನಿಗೆ ಮಿಡತೆ ಅಂತ ಹೆಸರು, ಕೂತಲ್ಲಿ ಕೂರದೆ ಹಾರುತ್ತಲೇ ಇರುತ್ತಾನೆ. ಅವನ ಫ್ರೇಮಿನ ಎದುರಿಗೆ ಖಾಲಿ ಗಾಜು. ನಾಲ್ಕು ಜೋಡಿ ಕಟ್ಟಿ ಮುಗಿಸಿ ಐದನೆಯದಕ್ಕೆ ಬಂದಾಗ ಯಾರಾದರೂ ಒಬ್ಬರು ಕೆಮ್ಮುತ್ತಿದ್ದರು, ಇನ್ನೊಬ್ಬರು ಹೊತ್ತಾಯಿತು ಅನ್ನುತ್ತಿದ್ದರು. ಎಂದಾದರೂ ಅವನ ಮಾತು ಬಂದೇಬಂದರೆ ಎಲ್ಲರ ದನಿ ಆಸ್ಪತ್ರೆಯ ದನಿಯಾಗುತ್ತಿತ್ತು. ಚಿನ್ನದಂಥ ಹುಡುಗ. ಅವನಂಥ ಆಟಗಾರ ಇನ್ನು ಹುಟ್ಟಬೇಕು. ಹೀಗೆಲ್ಲ ಹೇಳಿದವರು ಬೇರೆ ಯಾರೂ ಅಲ್ಲ, ಅದೇ ಮೇಷ್ಟ್ರು.

ಅಕ್ಕನಿಗೆ ಕೋಪ ಬರಲಿಲ್ಲ. ಕೋಪ ಬರುವಷ್ಟು ಅವಳಲ್ಲಿ ಏನೂ ಉಳಿದಿರಲಿಲ್ಲ. ಆದರೆ ಒಂದು ವಿಷಯ ಅವಳಿಗೆ ನಿಧಾನವಾಗಿ ತಿಳಿಯುತ್ತಾ ಬಂತು. ತಮ್ಮ ನೆನಪಿಗೆ ಬರುವುದು ನಿಂತುಹೋಗಿತ್ತು. ಕಣ್ಣು ಮುಚ್ಚಿದರೆ ಮನೆಯ ಗೋಡೆಗೆ ಹಾಕಿದ ಫೋಟೋ ಬರುತ್ತಿತ್ತು. ಅದು ಯಾವುದೋ ಕಚೇರಿಗೆ ಕೊಡಲು ತೆಗೆಸಿದ್ದ ಫೋಟೋ, ಕೂದಲು ಬಾಚಿ, ಬಾಯಿ ಮುಚ್ಚಿ, ಯಾರದೋ ಮನೆಯ ಅಳಿಯನ ಹಾಗೆ ನಿಂತಿದ್ದ. ಆ ಅಳಿಯನನ್ನು ಚಿನ್ನದಂಥ ಹುಡುಗ ಅಂದರೆ ಹೊಂದುತ್ತಿತ್ತು. ಮಂಡಿ ಎದೆಗೊತ್ತಿ ಕೂತು ಸೊರಸೊರ ಟೀ ಹೀರುತ್ತಿದ್ದವನು ಎಲ್ಲಿ ಹೋದ? ಅವನ ದನಿ ಹೇಗಿತ್ತು? ಮನೆಯಲ್ಲಿ ತಾಯಿ ಅವನನ್ನು ದೇವರು ಮಾಡಿದ್ದಳು, ಇಲ್ಲಿ ಇವರು ಮಾಡುತ್ತಿದ್ದಾರೆ. ಇವರು ಒಂದು ಸಲ, ಒಂದೇ ಸಲ, ಮೊದಲಿನ ಹಾಗೆ ಅವನನ್ನು ಉಗಿದು ಉಪ್ಪು ಹಾಕಿದರೆ ಅವನು ಸಿಗುತ್ತಾನೇನೋ ಅನ್ನಿಸಿತು ಅವಳಿಗೆ. ಆದರೆ ನನ್ನ ತಮ್ಮನನ್ನ ಬಯ್ಯಿರಿ ಅಂತ ಯಾವ ಬಾಯಲ್ಲಿ ಕೇಳುವುದು? ಹುಚ್ಚು ಹಿಡೀತು ಅಂದಾರು. ದಿನ ಹೋದ ಹಾಗೆ ಕೇಳಬೇಕೆಂಬ ಆಸೆಯೂ ಮಂಕಾಯಿತು.

ಹೀಗಿರುವಾಗ ಒಂದು ಸಂಜೆ ಸಾಕ್ಷಾತ್ ಮಿಡತೆಯೇ ಅಂಗಡಿಗೆ ಬಂದ. ಕೋಚ್ ಕಳಿಸಿದ್ದರಂತೆ, ಲೈಟು ಹಾಕಿದ ಮೇಲೆ ರಿಂಗು ಮಸುಕು ಮಸುಕಾಗಿ ಕಾಣುತ್ತದಂತೆ. ಮೂವರೂ ಎದ್ದು ನಿಂತು ಅವನಿಗೆ ಜಾಗ ಬಿಟ್ಟರು, ಹೆಣ್ಣು ನೋಡಲು ಗಂಡು ಬಂದ ಹಾಗೆ. ಅಕ್ಕ ಸ್ಟೂಲು ಎತ್ತಿಕೊಟ್ಟು, ಅಕ್ಷರ ಓದಿಸಿ, ಗಾಜು ಬದಲಾಯಿಸಿ ಬದಲಾಯಿಸಿ ನೋಡಿದಳು. ಸಣ್ಣ ನಂಬರು, ಚಿಂತೆಯಿಲ್ಲ, ಪಟ್ಟಿ ಇರುವ ಆಟದ ಕನ್ನಡಕ ಮಾಡಿಕೊಡ್ತೀನಿ ಅಂದಳು. ಅವನು ಎದ್ದವನು ಕೌಂಟರಿನ ಮೇಲಿನ ಸಾಲು ನೋಡಿದ. ಇದೇನು ಅಂತ ಕೇಳಿದ. ಟೈಲರ್ ಹಿಗ್ಗಿ ಹೀರೇಕಾಯಾಗಿ ಎಲ್ಲ ವಿವರಿಸಿ, ಇದೇ ನೀನು ಅಂತ ತೋರಿಸಿದ. ಹುಡುಗ ತನ್ನ ಫ್ರೇಮನ್ನು ಎತ್ತಿ ನೋಡಿ, ಇಟ್ಟು, ಎದುರಿನ ಖಾಲಿ ಜಾಗವನ್ನು ನೋಡಿದ.

"ನನ್ನ ಎದುರಿಗೆ ಯಾಕೆ ಯಾರೂ ಇಲ್ಲ?"

ಡ್ರೈವರ್ ಕೆಮ್ಮಿದ. ಮೇಷ್ಟ್ರು ಅಕ್ಕನ ಕಡೆ ಒಂದು ಸಲ ನೋಡಿ, ಆ ಆಸ್ಪತ್ರೆಯ ದನಿ ತೆಗೆದರು. ಒಬ್ಬ ಇದ್ದ, ಈಗಿಲ್ಲ, ದೇವರಂಥ ಆಟಗಾರ, ಅವನ ಆಟದಲ್ಲಿ ಒಂದು ಕುಂದು ಅಂತ ಎತ್ತಿ ತೋರಿಸುವ ಹಾಗಿರಲಿಲ್ಲ ಅಂದರು. ಹುಡುಗ ಓ ಹೌದಾ ಅಂದ. ಅಂದು, ಜೇಬಿನಿಂದ ಮೊಬೈಲು ತೆಗೆದು ನೋಡಿ, ಕನ್ನಡಕ ಯಾವಾಗ ಸಿಗುತ್ತೆ ಅಂತ ಕೇಳಿ ಹೊರಟುಹೋದ. ಅವನದೇನೂ ತಪ್ಪಿಲ್ಲ. ಒಂದೂ ಕುಂದಿಲ್ಲದವನ ವಿಷಯ ಕೇಳಿ ಯಾರಾದರೂ ಇನ್ನೇನು ಅನ್ನುತ್ತಾರೆ? ಆದರೆ ಇಷ್ಟು ವರ್ಷ ಈ ಅಂಗಡಿಯಲ್ಲಿ ಗದ್ದಲ ಎಬ್ಬಿಸಿದ್ದ ಅವಳ ತಮ್ಮ ಒಂದು ಓ ಹೌದಾದಲ್ಲಿ ಮುಗಿದುಹೋದ. ಅಕ್ಕ ಸ್ಟೂಲನ್ನು ಕೆಳಗಿಳಿಸಿದಳು.

ಮಾರನೆಯ ದಿನ ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅವಳು ಡ್ರಾಯರು ಎಳೆದು ಕಂದು ಫ್ರೇಮನ್ನು ಹೊರಗೆ ತೆಗೆದಳು. ಸುಮ್ಮನೆ ನೋಡಬೇಕು ಅಂತ ತೆಗೆದದ್ದು. ಅಷ್ಟರಲ್ಲಿ ತಾಯಿಯ ಫೋನು. ಮಾತ್ರೆ ಮುಗಿದಿದೆ, ಗ್ಯಾಸಿನವನು ಬಂದಿಲ್ಲ, ರಾತ್ರಿ ನಿದ್ದೆ ಬರಲಿಲ್ಲ, ಕನಸಲ್ಲಿ ಅವನು ಬಂದಿದ್ದ. ಅಕ್ಕ ಹೂಂ ಹೂಂ ಅನ್ನುತ್ತಾ ಕೇಳಿಸಿಕೊಂಡಳು. ಫೋನು ಕಿವಿಗೂ ಹೆಗಲಿಗೂ ನಡುವೆ ಇತ್ತು, ಎರಡೂ ಕೈ ಖಾಲಿ ಇದ್ದವು. ಖಾಲಿ ಇದ್ದ ಕೈಗಳು ಇಷ್ಟು ವರ್ಷ ಮಾಡಿಕೊಂಡು ಬಂದದ್ದನ್ನೇ ಮಾಡಿದವು. ಮಾತು ಮುಗಿಸಿ ಫೋನು ಇಟ್ಟು ನೋಡುತ್ತಾಳೆ, ಬಲಗೈಯಲ್ಲಿ ಸಣ್ಣ ಸ್ಕ್ರೂಡ್ರೈವರು ಇದೆ, ಎಡಗಡೆಯ ಕಡ್ಡಿ ಕದಲದ ಹಾಗೆ ಬಿಗಿಯಾಗಿ ನಿಂತಿದೆ. ಕೌಂಟರಿನ ಮೇಲಿಟ್ಟಳು. ನೆಟ್ಟಗೆ ಕೂತಿತು. ಮಾರಾಟಕ್ಕೆ ಇಟ್ಟ ಯಾವುದೋ ಒಂದು ಹಳೇ ಫ್ರೇಮು.

ಅಯ್ಯೋ ಅನ್ನಬೇಕಿತ್ತು. ಅನ್ನಲಿಲ್ಲ. ಇದೂ ಹೋಯಿತಲ್ಲ ಅಂದುಕೊಂಡು, ಒರೆಸುವ ಬಟ್ಟೆಯ ಮೇಲೆ ಮಲಗಿಸಿ ಡ್ರಾಯರು ತಳ್ಳಿದಳು. ಮಿಡತೆಯ ಕನ್ನಡಕಕ್ಕೆ ಗಾಜು ಉಜ್ಜಲು ಕೂತಳು.

ಆ ವಾರದ ಕೊನೆಗೆ ಸೆಮಿಫೈನಲ್ಲು, ಅದೂ ಎದುರಿನ ಕೋರ್ಟಿನಲ್ಲೇ. ಮೊದಲಾದರೆ ಅಕ್ಕ ಅಂಗಡಿಗೆ ಬೀಗ ಜಡಿದು ಓಡುತ್ತಿದ್ದಳು. ಈಗ ಕೂತೇ ಇದ್ದಳು. ಕೂತಲ್ಲಿಗೇ ಎಲ್ಲ ಕೇಳುತ್ತಿತ್ತು. ಸಿಮೆಂಟು ನೆಲದ ಮೇಲೆ ಶೂಗಳ ಕಿರ್ರಕಿರ್ರ, ಜನರ ಕೂಗು, ರೆಫರಿಯ ಸೀಟಿ. ಒಂದು ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ಎಲ್ಲ ನಿಶ್ಶಬ್ದವಾಯಿತು. ಫ್ರೀ ಥ್ರೋ, ಅಂದುಕೊಂಡಳು. ದೊಡ್ಡ ಕೂಗು ಬಂತು, ಒಂದು ಬಿತ್ತು. ಮತ್ತೆ ನಿಶ್ಶಬ್ದ. ಈ ಸಲ ಕೂಗಲ್ಲ, ನೂರಾರು ಜನ ಒಟ್ಟಿಗೆ ಉಸಿರು ಬಿಟ್ಟ ಸದ್ದು. ಆಮೇಲೆ ಇನ್ನಷ್ಟು ಆಟ ನಡೆಯಿತು, ಇನ್ನಷ್ಟು ಸೀಟಿ. ಕೊನೆಗೆ ಜನ ಗೇಟಿನಿಂದ ಹೊರಬಂದ ರೀತಿ ನೋಡಿಯೇ ಸೋತರು ಅಂತ ಅವಳಿಗೆ ತಿಳಿಯಿತು.

ಮೂವರೂ ಬಿರುಗಾಳಿಯ ಹಾಗೆ ನುಗ್ಗಿದರು. ಮೇಷ್ಟ್ರು ಬಂದವರೇ ಫ್ರೇಮುಗಳನ್ನು ಸುರಿದು ಮಿಡತೆಯ ಫ್ರೇಮನ್ನು ಕೌಂಟರಿನ ನಡುವೆ ಕುಕ್ಕಿದರು. ಒಂದು ಪಾಯಿಂಟು ಹಿಂದಿದ್ದಾಗ ಎರಡು ಫ್ರೀ ಥ್ರೋ ಸಿಕ್ಕಿದ್ದವಂತೆ. ಒಂದು ಹಾಕಿದನಂತೆ, ಇನ್ನೊಂದು ಬಿಟ್ಟನಂತೆ. ಅದರಿಂದ ಆಟ ಸಮವಾಗಿ, ಹೆಚ್ಚುವರಿ ಸಮಯದಲ್ಲಿ ಸೋತರಂತೆ. ಹೊಸ ಕನ್ನಡಕ ಹಾಕಿಕೊಂಡೂ ಬಿಟ್ಟನಲ್ಲ ಅಂತ ಮೇಷ್ಟ್ರು ಕುದಿಯುತ್ತಿದ್ದರು. ಟೈಲರ್ ಸುಮ್ಮನಿರಲಿಲ್ಲ.

"ಒಂದಾದ್ರೂ ಹಾಕಿದನಲ್ಲ ಮೇಷ್ಟ್ರೇ! ಅಂಥಾ ಹೊತ್ತಲ್ಲಿ ಒಂದು ಹಾಕೋದೇನು ಕಮ್ಮಿನಾ? ಹಿಂದೆ ಒಬ್ಬ..."

ಅಲ್ಲಿಗೆ ನಿಂತ. ನಾಲಿಗೆ ಕಚ್ಚಿಕೊಂಡ. ಮೇಷ್ಟ್ರ ಬಾಯಿ ಉತ್ತರ ಕೊಡಲು ತೆರೆದದ್ದು ತೆರೆದೇ ಇತ್ತು. ಡ್ರೈವರ್ ಕೆಮ್ಮಿದ. ಮೂವರೂ ಮಿಡತೆಯ ಎದುರಿನ ಖಾಲಿ ಗಾಜನ್ನು ನೋಡದೆ ಇರಲು ಎಲ್ಲೆಲ್ಲೋ ನೋಡಿದರು. ಹೊತ್ತಾಯಿತು ಅಂದರು ಯಾರೋ.

ಅಕ್ಕ ಎದ್ದಳು. ಡ್ರಾಯರು ಎಳೆದು ಕಂದು ಫ್ರೇಮನ್ನು ತೆಗೆದಳು. ಸ್ಕ್ರೂಡ್ರೈವರು ತೆಗೆದುಕೊಂಡು, ಅವರೆಲ್ಲ ನೋಡುತ್ತಿರುವಂತೆಯೇ, ಎಡಗಡೆಯ ಸ್ಕ್ರೂವನ್ನು ಒಂದೊಂದೇ ಸುತ್ತು ಸಡಿಲ ಮಾಡಿದಳು. ಇಷ್ಟು ವರ್ಷದ ಅಂಗಡಿಯಲ್ಲಿ ಬೇಕೆಂದೇ ಒಂದನ್ನು ಕೆಡಿಸಿದ್ದು ಅದೇ ಮೊದಲು. ಕಡ್ಡಿ ಅಲ್ಲಾಡತೊಡಗಿದಾಗ ಫ್ರೇಮನ್ನು ಮಿಡತೆಯ ಎದುರಿಗೆ ಇಟ್ಟಳು. ಅದು ಎಡಕ್ಕೆ ವಾಲಿಕೊಂಡು ಕೂತಿತು.

"ನಮ್ಮವನು ಒಂದೂ ಹಾಕಲಿಲ್ಲ," ಅಂದಳು. "ಹೇಳಿ ಮೇಷ್ಟ್ರೇ."

ಮೇಷ್ಟ್ರು ಬೇಡಮ್ಮ ಅಂದರು. ಸತ್ತವರ ವಿಷಯ, ಬಾಯಿ ಬರೋದಿಲ್ಲ ಅಂದರು. ಅಕ್ಕನ ದನಿ ಏರಲಿಲ್ಲ, ಇಳಿಯಲೂ ಇಲ್ಲ.

"ನೀವು ಬಯ್ಯೋದು ಬಿಟ್ಟ ಮೇಲೆ ಅವನು ನನಗೆ ನೆನಪಾಗ್ತಿಲ್ಲ ಮೇಷ್ಟ್ರೇ. ಬರೀ ಫೋಟೋ ಬರ್ತಾ ಇದೆ. ನೀವೇ ಅವನನ್ನ ಡ್ರಾಯರಿಗೆ ಹಾಕಿದ್ದು, ನೀವೇ ತೆಗೀರಿ."

ಮೇಷ್ಟ್ರು ವಾಲಿಕೊಂಡು ಕೂತ ಫ್ರೇಮನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ನಿಧಾನವಾಗಿ ಆ ಹಳೇ ಸಿಟ್ಟು, ಹನ್ನೆರಡು ವರ್ಷ ಸಾಕಿದ ಸಿಟ್ಟು, ಕುತ್ತಿಗೆಯಿಂದ ಕಿವಿಯವರೆಗೆ ಏರಿತು. ಒಮ್ಮೆ ಶುರುವಾದ ಮೇಲೆ ಅದನ್ನು ತಡೆಯುವುದು ಅವರ ಕೈಯಲ್ಲೂ ಇರಲಿಲ್ಲ.

"ಎರಡರಲ್ಲಿ ಒಂದು ಹಾಕಬಾರದಿತ್ತೇನೋ ಕತ್ತೆ! ಅಡ್ಡ ಒಬ್ಬ ಇಲ್ಲ, ಎದುರಿಗೊಬ್ಬ ಇಲ್ಲ, ನಮ್ಮಜ್ಜಿನ ನಿಲ್ಸಿದ್ರೂ ಒಂದು ಹಾಕ್ತಿದ್ಲು! ಅಷ್ಟುದ್ದ ಬೆಳೆದಿದ್ಯಲ್ಲ, ಕೈ ಚಾಚಿ ಇಟ್ಟು ಬರಬಾರದಿತ್ತಾ? ಎಡಗೈ ಅನ್ನೋದನ್ನ ನಿನಗೆ ದೇವರು ಕೊಟ್ಟಿದ್ದು ಟೀ ಲೋಟ ಹಿಡಿಯೋಕಾ? ನಿನ್ನೆ ಮೊನ್ನೆ ಬಂದ ಮಿಡತೆ ಒಂದು ಹಾಕ್ತಾನೆ, ನೀನು ಎರಡೂ ಬಿಡ್ತೀಯಲ್ಲೋ ದಂಡಪಿಂಡ!"

ಬೈದು ಮುಗಿಸಿ, ಏದುಸಿರು ಬಿಡುತ್ತಾ, ಮೇಷ್ಟ್ರು ಸ್ಟೂಲಿನ ಕಡೆ ತಿರುಗಿದರು. ಟೈಲರ್ ತಿರುಗಿದ. ಡ್ರೈವರ್ ತಿರುಗಿದ. ಅಕ್ಕನೂ ತಿರುಗಿದಳು. ಬೈದ ಮೇಲೆ ಆ ಕಡೆ ತಿರುಗುವುದು ನಾಲ್ವರಿಗೂ ರೂಢಿಯಾಗಿತ್ತು, ಉತ್ತರ ಬರುತ್ತಿದ್ದದ್ದು ಅಲ್ಲಿಂದ. ಅದೆಷ್ಟು ಹೊತ್ತು ಕಾದರೋ. ಸ್ಟೂಲು ತೀರಾ ಕೆಳಗಿಳಿದು ಅವನಿಗಾಗಿ ತಯಾರಾಗಿ ಕೂತಿತ್ತು. ಅದರ ಮೇಲೆ ಯಾರೂ ಇರಲಿಲ್ಲ.

ತಮ್ಮ ಸತ್ತುಹೋಗಿದ್ದಾನೆ ಅಂತ ಅಕ್ಕನಿಗೆ ಆಗ ಗೊತ್ತಾಯಿತು. ಬಚ್ಚಲಲ್ಲಿ ಗೊತ್ತಾಗಿರಲಿಲ್ಲ, ಡಾಕ್ಟರು ಹೇಳಿದಾಗ ಗೊತ್ತಾಗಿರಲಿಲ್ಲ, ಜನ ಬಂದು ಹೋದಾಗ ಗೊತ್ತಾಗಿರಲಿಲ್ಲ. ಅವನಿದ್ದಿದ್ದರೆ ಈಗ ಏನು ಹೇಳುತ್ತಿದ್ದ ಅನ್ನುವುದು ಅವಳಿಗೆ ಅವನ ದನಿಯಲ್ಲೇ ಕೇಳಿಸಿತು, ಟೀ ಹೀರಿದ ಸದ್ದಿನ ಸಮೇತ. ಉತ್ತರ ಹೇಳಬೇಕಾದ ಹೊತ್ತು ದಾಟಿಹೋಗುತ್ತಿತ್ತು. ಅವನ ಬದಲು ತಾನೇ ಹೇಳಿಬಿಡೋಣ ಅಂತ ಬಾಯಿ ತೆರೆದಳು.

"ಎರಡೂ ಬಿಟ್ಟಿದ್ದಕ್ಕೇ ಮೇಷ್ಟ್ರೇ..."

ಮುಂದಕ್ಕೆ ಆಗಲಿಲ್ಲ. ಆ ಸ್ಟೂಲಿನ ಮೇಲೇ ಕುಸಿದು ಕೂತಳು. ಮಂಡಿ ಎದೆಗೆ ಒತ್ತಿತು. ಮೂಗಿನ ಮೇಲಿದ್ದ ಕನ್ನಡಕ ಜಾರಿ ನೆಲಕ್ಕೆ ಬಿತ್ತು, ಯಾರೂ ಎತ್ತಲಿಲ್ಲ. ಇಷ್ಟು ತಿಂಗಳು ಎಲ್ಲಿತ್ತೋ ಆ ಅಳು, ಬಂದದ್ದು ನಿಲ್ಲಲೇ ಇಲ್ಲ. ಅವಳಿಗೆ ನಾಚಿಕೆಯೂ ಆಗಲಿಲ್ಲ.

ಮೇಷ್ಟ್ರು ಗಾಬರಿಬಿದ್ದು, ತಪ್ಪಾಯ್ತಮ್ಮ, ತಪ್ಪಾಯ್ತು ಅನ್ನುತ್ತಾ ಕಂದು ಫ್ರೇಮನ್ನು ಮತ್ತೆ ಡ್ರಾಯರಿಗೆ ಹಾಕಲು ಎತ್ತಿಕೊಂಡರು. ಅಕ್ಕ ಕೂತಲ್ಲಿಂದಲೇ ಕೈ ಚಾಚಿ ಅವರ ಮಣಿಕಟ್ಟು ಹಿಡಿದಳು.

"ಬೇಡ. ಇನ್ನೂ ಬಯ್ಯಿರಿ."

ಮೇಷ್ಟ್ರಿಗೆ ಇನ್ನು ಆಗುವ ಹಾಗಿರಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಾ, ಮರೆತುಬಿಡ್ತಿದ್ದೆ, ನಿಜ, ಹಾಕಿದ್ರೆ ಮರೆತೇಬಿಡ್ತಿದ್ದೆ ಅಂತ ತಮ್ಮಷ್ಟಕ್ಕೆ ಹೇಳಿಕೊಳ್ಳುತ್ತಿದ್ದರು. ಟೈಲರ್ ಕೊರಳಿನ ಟೇಪನ್ನು ಬೆರಳಿಗೆ ಸುತ್ತಿ ಬಿಚ್ಚಿ ಸುತ್ತಿ ಬಿಚ್ಚಿ ಮಾಡುತ್ತಿದ್ದ. ಆಗ ಒಂದು ದಿನವೂ ಒಬ್ಬರ ಕಡೆ ನಿಲ್ಲದ ಡ್ರೈವರ್, ಎರಡೂ ಫ್ರೇಮುಗಳನ್ನು ಸರಿಯಾಗಿ ಎದುರುಬದುರಿಟ್ಟು, ಗಂಟಲು ಸರಿಮಾಡಿಕೊಂಡ.

"ನನ್ನ ಕೇಳಿದ್ರೆ," ಅಂದ, "ಇವರಿಬ್ಬರಲ್ಲಿ ಮಿಡತೆನೇ ವಾಸಿ."

ಅಕ್ಕ ತಲೆ ಎತ್ತಿದಳು. ಕಣ್ಣು ಮೂಗು ಎಲ್ಲ ಸೋರುತ್ತಿತ್ತು, ಕನ್ನಡಕ ಇಲ್ಲದೆ ಡ್ರೈವರನ ಮುಖ ಸರಿಯಾಗಿ ಕಾಣುತ್ತಲೂ ಇರಲಿಲ್ಲ.

"ಏನಂದ್ರಿ ಡ್ರೈವರಣ್ಣ? ಆ ಮಿಡತೆಗೆ ರಿಂಗಿಗೆ ಬಡಿದು ವಾಪಸ್ ಬಂದ ಒಂದು ರಿಬೌಂಡ್ ಹಿಡಿಯೋಕೆ ಬರುತ್ತಾ?"

ಟೈಲರ್ ಟೇಪು ಬಿಟ್ಟು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡ. ಬರುತ್ತೆ ಅಕ್ಕ, ಯಾಕೆ ಬರೋದಿಲ್ಲ ಅಂತ ಶುರುಮಾಡಿದ. ಆ ಸಂಜೆ ಲೋಟ ತೊಳೆದದ್ದು ಡ್ರೈವರ್.